ಗಿರಣಿಯ ನೆಲವೂ ನನ್ನ ಎಡಗಿವಿಯೂ

ಹೊಸನಗರದಿಂದ ನಗರ ಎಂಬ ಊರಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಇಪ್ಪತ್ತೆಂಟು ವರ್ಷದಿಂದ ಅದನ್ನು ನಡೆಸುತ್ತಿರುವವಳು ನಾನು, ಸರೋಜ. ಈ ಅವಧಿಯಲ್ಲಿ ಗಿರಣಿಯ ಬೆಲ್ಟ್ ಎಷ್ಟೋ ಸಲ ಹರಿದಿದೆ, ಮೋಟಾರು ಮೂರು ಸಲ ಸುಟ್ಟಿದೆ, ಮಾಡಿನ ಹೆಂಚುಗಳು ಲೆಕ್ಕವಿಲ್ಲದಷ್ಟು ಜಾರಿವೆ. ನನಗೆ ಮಾತ್ರ ಏನೂ ಆಗಿಲ್ಲ. ಹಾಗಂತ ನಾನು ತಿಳಿದಿದ್ದೆ.

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಬೇಕು. ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ ಎಂಬುದು ಊರಿನವರ ಅಭಿಪ್ರಾಯವಾಗಿತ್ತು. ಊರಿನವರಿಗೆ ಸರಿಯಾಗಿ ಮಾತಾಡಲು ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ! ಗೋಧಿ ತಂದ ಹೆಂಗಸೊಬ್ಬಳು, "ಅಕ್ಕಾ, ತರಿಯಾಗಿ ಬೀಸಿ" ಅಂದಳಂತೆ. ನನಗೆ ಕೇಳಿದ್ದು "ಸರಿಯಾಗಿ ಬೀಸಿ" ಅಂತ. ಸರಿಯಾಗಿಯೇ ಬೀಸಿದೆ. ಹಿಟ್ಟು ಎಷ್ಟು ನುಣುಪಾಗಿತ್ತೆಂದರೆ ಮುಖಕ್ಕೆ ಪೌಡರಿನ ಬದಲು ಹಚ್ಚಿಕೊಳ್ಳಬಹುದಿತ್ತು. ಪಾಪ, ಅವಳ ಮನೆಗೆ ಬಂದ ನೆಂಟರು ಉಪ್ಪಿಟ್ಟಿಗಾಗಿ ಕಾಯುತ್ತಿದ್ದರು.

ನನ್ನ ಯಜಮಾನರ ಹೆಸರು ಮಂಜಪ್ಪ, ನಿವೃತ್ತ ಪೋಸ್ಟ್‌ಮ್ಯಾನ್. ಜೀವಮಾನವಿಡೀ ಬೇರೆಯವರ ಮಾತನ್ನು ಹೊತ್ತು ತಿರುಗಿದ್ದರಿಂದಲೋ ಏನೋ, ಅವರ ಸ್ವಂತ ಮಾತು ಬಹಳ ಸಣ್ಣದು. ಅವರು ಪಕ್ಕದಲ್ಲಿ ಕೂತು ಏನೋ ಹೇಳುತ್ತಾರೆ, ನಾನು "ಹೂಂ" ಅನ್ನುತ್ತೇನೆ. ಸುಖಸಂಸಾರ ಎಂದರೆ ಇದೇ ಎಂದುಕೊಂಡಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಯಂತ್ರದ ಬಾಯಿಗೆ ಅಕ್ಕಿ ಸುರಿದು, ಎಲ್ಲ ಇಳಿಯಿತೋ ಇಲ್ಲವೋ ಎಂದು ತಲೆ ಎತ್ತಿ ನೋಡಿದೆ. ಅಷ್ಟೆ! ಗಿರಣಿಯ ಮಾಡು ಎಡಕ್ಕೆ ಹೋಯಿತು, ಗೋಡೆ ಅದರ ಹಿಂದೆ ಹೋಯಿತು, ನೆಲ ಎದ್ದು ನನ್ನ ಕಡೆಗೆ ಬಂತು. ಅರ್ಧ ನಿಮಿಷದ ನಂತರ ಎಲ್ಲವೂ ವಾಪಸು ತಮ್ಮ ತಮ್ಮ ಜಾಗಕ್ಕೆ ಬಂದವು. ನಾನು ಮಾತ್ರ ಅಕ್ಕಿಹಿಟ್ಟಿನ ಡಬ್ಬಿಯೊಳಗೆ ಕೂತಿದ್ದೆ.

ಯಜಮಾನರು ಓಡಿ ಬಂದರು. ಏನೋ ಹೇಳಿದರು. ನಾನು ಕೈ ಎತ್ತಿ ತಡೆದೆ.

"ಗೊತ್ತಾಯ್ತು ಬಿಡಿ. ನೆಲ ಓರೆಯಾಗಿದೆ!"

ಅದೇನು ಸಾಮಾನ್ಯ ಬುದ್ಧಿಯೇ! ಇಪ್ಪತ್ತೆಂಟು ವರ್ಷ ಯಂತ್ರ ಗಡಗಡ ಅಲುಗಾಡಿದರೆ ಅದರ ಕೆಳಗಿನ ನೆಲ ಒಂದು ಕಡೆಗೆ ಕುಸಿಯದೇ ಇರುತ್ತದೆಯೇ? ಎರಡೇ ದಿನದಲ್ಲಿ ನಾನು ಇನ್ನೂ ಮೂರು ಸಲ ಓಲಾಡಿದೆ. ಗಾರೆ ಕೆಲಸದ ಗಣಪಣ್ಣನಿಗೆ ಹೇಳಿ ಕಳಿಸಿದೆ.

ಗಣಪಣ್ಣ ಬಂದವನೇ ರಸಮಟ್ಟವನ್ನು ನೆಲದ ಮೇಲಿಟ್ಟ. ಅದರ ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ಹೋಗಿ ನಿಂತಿತು.

"ಅಕ್ಕಾ, ನೆಲ ಕನ್ನಡಿ ಇದ್ದಂಗೆ ಇದೆ," ಅಂದ.

"ನಿನ್ನ ರಸಮಟ್ಟಕ್ಕೆ ವಯಸ್ಸಾಗಿದೆ."

ಅವನು ಬೇಸರ ಮಾಡಿಕೊಳ್ಳದೆ ಪೈಪಿಗೆ ನೀರು ತುಂಬಿಸಿ ಆ ಮೂಲೆ ಈ ಮೂಲೆ ಹಿಡಿದು ತೋರಿಸಿದ. ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಂತಿತು. "ನಾನ್ ಬೇಕಾರೆ ಸುಳ್ಳು ಹೇಳ್ತೀನಿ ಅಕ್ಕಾ, ನೀರು ಹೇಳತ್ತಾ?" ಅಂದ.

ನಾನು ನೀರಿಗೂ ಸೋಲುವವಳಲ್ಲ. ನೆಲ ಅಗೆಸಿದೆ. ಹೊಸ ನೆಲ ಹಾಕುವ ದಿನ ಗಣಪಣ್ಣ ಕರಣೆ ಹಿಡಿದು ನನ್ನ ಎಡಗಡೆಯಿಂದ ಏನೋ ಕೇಳಿದ. ಗಿರಣಿಯಲ್ಲಿ ಗಂಟಲು ಹರಿದುಕೊಂಡು ಮಾತಾಡಬೇಕೆಂದು ಇವರಿಗೆಲ್ಲ ಎಷ್ಟು ಹೇಳಿದರೂ ಅಷ್ಟೆ. "ಹೂಂ, ಹೂಂ, ಹಾಗೇ ಮಾಡು" ಅಂದೆ.

ನೆಲ ಒಣಗಿತು. ಯಂತ್ರ ಕೂರಿಸಿದೆವು. ಮೊದಲ ಗಿರಾಕಿ ತಂದಿಟ್ಟ ತಗಡಿನ ಡಬ್ಬಿ ತಾನಾಗಿಯೇ ಬಾಗಿಲ ಕಡೆ ಜಾರಿಕೊಂಡು ಹೋಗತೊಡಗಿತು!

ಗಣಪಣ್ಣನನ್ನು ಹಿಡಿದು ನಿಲ್ಲಿಸಿದೆ. ಅವನು ಈ ಸಲ ನನ್ನ ಬಲಕಿವಿಯ ಹತ್ತಿರವೇ ಬಂದು ಕೂಗಿದ: "ನೀವೇ ಹೂಂ ಅಂದ್ರಲ್ಲ ಅಕ್ಕಾ! ತೊಳೆದ್ರೆ ನೀರು ಹೊರಗೆ ಹೋಗ್ಲಿ, ಬಾಗಿಲ ಕಡೆ ಇಳಿಜಾರು ಕೊಡ್ಲಾ ಅಂತ ಕೇಳಿದ್ದು!"

ಹೀಗೆ, ಸಮವಾಗಿದ್ದ ನೆಲವನ್ನು ಅಗೆಸಿ ಓರೆ ಮಾಡಿಸಿಕೊಂಡ ಮೊದಲ ಗಿರಣಿ ನಮ್ಮದೇ ಇರಬೇಕು.

ನೆಲದ ತನಿಖೆ ಮುಗಿದ ಮೇಲೆ ಕಣ್ಣಿನ ತನಿಖೆ. ಸಾಗರಕ್ಕೆ ಹೋಗಿ, ದೂರಕ್ಕೂ ಹತ್ತಿರಕ್ಕೂ ಆಗುವ ಎರಡು ಥರದ ಗಾಜಿನ ಕನ್ನಡಕ ಹಾಕಿಸಿಕೊಂಡು ಬಂದೆ. ಬಸ್ಸಿನಿಂದ ಇಳಿಯುವಾಗ ಕೆಳಗೆ ನೋಡಿದರೆ ಮೆಟ್ಟಿಲು ಒಂದು ಕಡೆ, ಅದರ ಮಸುಕಾದ ತಂಗಿ ಇನ್ನೊಂದು ಕಡೆ. ನಾನು ತಂಗಿಯ ಮೇಲೆ ಕಾಲಿಟ್ಟೆ. ಕಂಡಕ್ಟರು ರಟ್ಟೆ ಹಿಡಿಯದಿದ್ದರೆ ಹೊಸ ಕನ್ನಡಕದ ಜೊತೆ ಹಳೆಯ ಹಲ್ಲುಗಳೂ ಹೋಗುತ್ತಿದ್ದವು.

ಇಷ್ಟಾದ ಮೇಲೆ ಯಜಮಾನರು ಹೊಸನಗರದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನು ಅವರನ್ನು ಹೊರಗಿನ ಬೆಂಚಿನಲ್ಲೇ ಕೂರಿಸಿದೆ. ನನ್ನ ಕಾಯಿಲೆಯನ್ನು ನಾನು ಹೇಳಿಕೊಳ್ಳಲಾರೆನೇ! ಡಾಕ್ಟರು ಮಾಸ್ಕ್ ಹಾಕಿಕೊಂಡಿದ್ದರು. ಮೇಲೆ ಫ್ಯಾನಿನ ಸದ್ದು. ಅವರು ಕೇಳಿದ್ದು ಮತ್ತು ನಾನು ಹೇಳಿದ್ದು ಹೀಗೆ. ಅವರು ಕೇಳಿದ್ದೇನೆಂದು ನನಗೆ ತಿಳಿದದ್ದು ಬಹಳ ದಿನಗಳ ನಂತರ, ಬಾಗಿಲ ಹೊರಗಿನಿಂದ ಎಲ್ಲ ಕೇಳಿಸಿಕೊಂಡ ಯಜಮಾನರಿಂದ.

"ಮಗ್ಗುಲಾದಾಗ ತಲೆ ಸುತ್ತು ಬರುತ್ತಾ?"

"ಮಗಳಾ? ಬರ್ತಾಳೆ ಡಾಕ್ಟ್ರೇ, ಹಬ್ಬಕ್ಕೆ."

"ಸುತ್ತೋದು ಎಷ್ಟು ಹೊತ್ತು ಇರುತ್ತೆ?"

"ಬೆಳಿಗ್ಗೆ ಐದಕ್ಕೇ ಏಳ್ತೀನಿ."

"ಕಿವೀಲಿ ಏನಾದ್ರೂ ಶಬ್ದ ಬರುತ್ತಾ?"

"ಗಿರಣಿ ಅಂದ್ಮೇಲೆ ಶಬ್ದ ಬರದೆ ಇರುತ್ತಾ!"

"ಕಿವಿ ಸರಿಯಾಗಿ ಕೇಳುತ್ತಾ?"

ಈ ಒಂದು ಪ್ರಶ್ನೆ ಮಾತ್ರ ನನಗೆ ಸ್ಪಷ್ಟವಾಗಿ ಕೇಳಿಸಿತು. "ಫಸ್ಟ್ ಕ್ಲಾಸ್!" ಅಂದೆ.

ಇಂಥ ರೋಗಿಗೆ ಯಾವ ಡಾಕ್ಟರು ತಾನೇ ಏನು ಮಾಡಿಯಾರು? ಬಿ.ಪಿ. ನೋಡಿದರು, ರಕ್ತ ಪರೀಕ್ಷೆಗೆ ಬರೆದರು, ಸದ್ಯಕ್ಕೆ ಒಂದು ಮಾತ್ರೆ ಕೊಟ್ಟು ಬೆರಳೆತ್ತಿ ಏನೋ ಎಚ್ಚರಿಕೆ ಹೇಳಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. "ಇದಕ್ಕೆ ಮಂಪರು ಬರುತ್ತೆ, ಮಲಗೋ ಮುಂಚೆ ಮಾತ್ರ ತಗೊಳ್ಳಿ" ಎಂಬುದು ಆ ಎಚ್ಚರಿಕೆ. ದಾರಿಯಲ್ಲಿ ಯಜಮಾನರು ಅದನ್ನೇ ಮತ್ತೆ ಹೇಳಿದಾಗಲೂ ನಾನು "ಹೂಂ" ಅಂದೆನಂತೆ.

ಈಗ ನನ್ನ ಇನ್ನೊಂದು ಹುದ್ದೆಯ ವಿಷಯ ಹೇಳಬೇಕು. ನಾನು ನಮ್ಮೂರಿನ ಮಹಿಳಾ ಸಂಘದ ಅಧ್ಯಕ್ಷೆ. ಆ ವರ್ಷ ನಾವು ಬಸ್‌ಸ್ಟಾಪಿನ ಗೂಡಂಗಡಿಯಲ್ಲಿ ಕದ್ದುಮುಚ್ಚಿ ಸಾರಾಯಿ ಪ್ಯಾಕೆಟ್ ಮಾರುವುದನ್ನು ನಿಲ್ಲಿಸಬೇಕೆಂದು ಹಟ ಹಿಡಿದಿದ್ದೆವು. ಮೂರು ಮನೆಗಳ ಹೆಂಗಸರು ಬಂದು ನನ್ನ ಗಿರಣಿಯಲ್ಲೇ ಕೂತು ಅತ್ತಿದ್ದರು. ಹಾಗಾಗಿ ಅದು ನಮಗೆ ಭಾಷಣದ ವಿಷಯವಷ್ಟೇ ಆಗಿರಲಿಲ್ಲ. ಶಾಲೆಯ ಹಾಲ್‌ನಲ್ಲಿ ದೊಡ್ಡ ಸಭೆ ಕರೆದೆವು. ತಾಲ್ಲೂಕಿನಿಂದ ಮಹಿಳಾ ಅಧಿಕಾರಿಯೊಬ್ಬರು ಬಂದಿದ್ದರು. ವೇದಿಕೆಯ ಹಿಂದೆ "ಕುಡಿತ ಬಿಡಿ, ಮನೆ ಉಳಿಸಿ" ಎಂಬ ದೊಡ್ಡ ಬ್ಯಾನರು. ವೇದಿಕೆಯ ಮೇಲೆ ಓಲಾಡಬಾರದೆಂಬ ಮುನ್ನೆಚ್ಚರಿಕೆಯಿಂದ ನಾನು ಹೊರಡುವ ಮುಂಚೆ ಒಂದಲ್ಲ, ಎರಡು ಮಾತ್ರೆ ನುಂಗಿದ್ದೆ.

ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ನನ್ನ ರೆಪ್ಪೆಗಳು ತಾವಾಗಿಯೇ ಇಳಿಯುತ್ತಿದ್ದವು. ಸಂಘದ ಕಾರ್ಯದರ್ಶಿ ಜಲಜ ತಿವಿದು ಎಬ್ಬಿಸಿದಳು. ದೀಪ ಹಚ್ಚಬೇಕಿತ್ತು. ಬಗ್ಗಿ ಒಂದು ಬತ್ತಿ ಹಚ್ಚಿದೆ. ಫೋಟೋದವನು "ಅಕ್ಕಾ, ಈ ಕಡೆ!" ಅಂದ. ತಲೆ ಎತ್ತಿದೆ.

ಹಾಲ್ ತಿರುಗಿತು!

ಆಧಾರಕ್ಕೆ ಅಧಿಕಾರಿಯವರ ಸೆರಗು ಹಿಡಿದೆ. ಅವರು ಮೈಕಿನ ಕಂಬ ಹಿಡಿದರು. ಕಂಬ ಬ್ಯಾನರಿನ ಹಗ್ಗ ಹಿಡಿಯಿತು. ಜಲಜ ದೀಪವನ್ನು ಪಕ್ಕಕ್ಕೆ ಎಳೆದುಕೊಂಡದ್ದರಿಂದ ಬೆಂಕಿಯ ಅನಾಹುತವೊಂದು ತಪ್ಪಿತು. ಒಂದು ಕ್ಷಣದ ನಂತರ ನಾನು ವೇದಿಕೆಯ ಮೇಲೆ ಅಂಗಾತ ಮಲಗಿದ್ದೆ. ಮೈತುಂಬ ಬ್ಯಾನರು. ಮುಖದ ಜಾಗದಲ್ಲಿ "ಕುಡಿತ" ಎಂಬ ಒಂದೇ ಪದ ಕಾಣುತ್ತಿತ್ತಂತೆ.

ಸಂಜೆಯೊಳಗೆ ವಿಡಿಯೋ ನಗರ, ಸಾಗರ, ತೀರ್ಥಹಳ್ಳಿ ಎಲ್ಲ ಕಡೆ ತಲುಪಿತು. ತೀರ್ಥಹಳ್ಳಿಯ ನನ್ನ ಅಕ್ಕ ಫೋನ್ ಮಾಡಿ, "ಎಂತದೇ ಇದು, ಯಾವಾಗಿಂದ ಶುರು ಮಾಡಿದ್ದು?" ಎಂದು ಅತ್ತಳು. ಆದರೆ ಅದೆಲ್ಲಕ್ಕಿಂತ ಕಷ್ಟವಾದದ್ದು ಗೂಡಂಗಡಿಯವನ ಸಜ್ಜನಿಕೆ. ಅವನು ಗಿರಣಿಗೇ ಬಂದು, ಹತ್ತು ಜನ ಗಿರಾಕಿಗಳ ಎದುರು ನನ್ನ ಪರವಾಗಿ ಸಾಕ್ಷಿ ಹೇಳಿದ: "ಯಾರೂ ಅಕ್ಕನ್ನ ತಪ್ಪು ತಿಳ್ಕೋಬೇಡಿ ಮಾರಾಯ್ರೇ. ನಮ್ಮ ಅಂಗಡಿಯಿಂದಂತೂ ತಗೊಂಡಿಲ್ಲ. ಬೇರೆ ಎಲ್ಲಿಂದಾದ್ರೂ ತರ್ಸಿರಬಹುದು!"

ಎರಡು ದಿನ ಬಿಟ್ಟು ಜಲಜ ಬಂದಳು. ನಾನು ಚಿಕ್ಕಂದಿನಿಂದ ನೋಡಿದ ಹುಡುಗಿ, ನನ್ನ ಮುಖ ನೋಡದೆ ನೆಲ ನೋಡುತ್ತಾ ಮಾತಾಡಿದಳು. ಕೇಳಲಿಲ್ಲ. ಮತ್ತೆ ಜೋರಾಗಿ ಹೇಳಿದಳು. "ಅಕ್ಕಾ, ನಾವ್ಯಾರೂ ನಂಬಿಲ್ಲ. ಆದ್ರೆ ನಾವು ಹೋಗಿ ಕುಡೀಬೇಡಿ ಅಂದ್ರೆ ಗಂಡಸ್ರು ನಗ್ತಿದಾರೆ. ಎಂತದಾದ್ರೂ ಡಾಕ್ಟ್ರ ಚೀಟಿ ಇದ್ರೆ ತೋರ್ಸಬಹುದಿತ್ತು. ಇಲ್ಲಾಂದ್ರೆ..."

ಇಲ್ಲಾಂದ್ರೆ ಏನೆಂದು ಅವಳು ಹೇಳಲಿಲ್ಲ. ಕಿವಿ ಕೇಳದವಳಿಗೂ ಅದು ಕೇಳಿಸಿತು. ಆ ದಿನ ಗಿರಣಿ ಬಂದ್ ಮಾಡಿ ಒಳಗೆ ಹೋಗಿ ಕೂತೆ. ಎದ್ದರೆ ಬೀಳುತ್ತೇನೆ, ಬಿದ್ದರೆ ನಗುತ್ತಾರೆ. ಏನಾಗಿದೆ ನನಗೆ ಎಂದು ಮೊದಲ ಸಲ ನಿಜವಾಗಿ ಹೆದರಿದೆ. ತಲೆಯೊಳಗೆ ಗಡ್ಡೆ ಗಿಡ್ಡೆ ಬೆಳೆದಿದೆಯೋ ಎಂದುಕೊಂಡು ಅಕ್ಕಿ ಆರಿಸುವ ನೆಪದಲ್ಲಿ ಮೊರದೊಳಕ್ಕೆ ಅತ್ತೆ.

ಮಾರನೆಯ ದಿನ ಮಧ್ಯಾಹ್ನ ಜಗಲಿಯಿಂದ ಒಂದು ಕೂಗು ಕೇಳಿತು: "ಪೋಸ್ಟ್!"

ನನ್ನ ಯಜಮಾನರು ಜೀವನದಲ್ಲಿ ಜೋರಾಗಿ ಹೇಳಲು ಕಲಿತ ಒಂದೇ ಪದ ಅದು. ಹೊರಗೆ ಬಂದು ನೋಡಿದರೆ ಅವರೇ ನಿಂತಿದ್ದಾರೆ, ಕೈಯಲ್ಲಿ ಒಂದು ನೀಲಿ ಇನ್‌ಲ್ಯಾಂಡ್ ಲೆಟರು. ನನ್ನ ಹೆಸರು, ವಿಳಾಸ, ಎಲ್ಲ ಕ್ರಮವಾಗಿ ಬರೆದಿತ್ತು. ಕೊಟ್ಟು ಅಂಗಳಕ್ಕೆ ಇಳಿದು ಹೋದರು. ಒಡೆದು ಓದಿದೆ.

"ಸರೋಜಳಿಗೆ, ನಾನು ಕ್ಷೇಮ. ನೀನು ಕ್ಷೇಮವಿಲ್ಲ. ಎರಡು ತಿಂಗಳಿಂದ ಗಮನಿಸಿ ಬರೆಯುತ್ತಿದ್ದೇನೆ. ಹಾಸಿಗೆಯಲ್ಲಿ ಎಡಕ್ಕೆ ಹೊರಳಿದಾಗ ಮಂಚ ಹಿಡಿದುಕೊಳ್ಳುತ್ತೀ, ಬಲಕ್ಕೆ ಹೊರಳಿದರೆ ಇಲ್ಲ. ಬಟ್ಟೆ ಒಣಹಾಕಲು ತಲೆ ಎತ್ತಿದಾಗ, ಒಲೆಯ ಮುಂದೆ ಬಗ್ಗಿ ಎದ್ದಾಗ ಹೀಗೇ ಆಗುತ್ತದೆ. ಒಂದು ನಿಮಿಷದೊಳಗೆ ಸರಿಹೋಗುತ್ತದೆ. ಸುಮ್ಮನೆ ಕೂತಾಗ ಬರುವುದಿಲ್ಲ. ನಿನ್ನ ಎಡಗಡೆಯಿಂದ ಕರೆದರೆ ನೀನು ತಿರುಗಿ ನೋಡುವುದಿಲ್ಲ. ನಿನಗೆ ಕಿವಿ ಕೇಳುವುದಿಲ್ಲ ಸರೋಜ. ಇದನ್ನು ನಾಲ್ಕು ಸಲ ಬಾಯಲ್ಲಿ ಹೇಳಿದೆ. ನಾಲ್ಕು ಸಲವೂ ನೀನು 'ಅನ್ನಕ್ಕೆ ಇಟ್ಟಾಗಿದೆ' ಎಂದೆ. ತೀರ್ಥಹಳ್ಳಿಗೆ ವಾರಕ್ಕೊಮ್ಮೆ ಕಿವಿಯ ಡಾಕ್ಟರು ಬರುತ್ತಾರಂತೆ. ನಾಳೆ ಹೋಗುವ. ನೀನು ಬಿದ್ದು ಸೊಂಟ ಮುರಿದುಕೊಂಡರೆ ನನ್ನನ್ನು ಬೈಯಲು ಮನೆಯಲ್ಲಿ ಬೇರೆ ಯಾರಿದ್ದಾರೆ? ಇಂತಿ, ಮಂಜಪ್ಪ."

ಮೂವತ್ತು ವರ್ಷ ಊರವರ ಕಾಗದ ಹಂಚಿದ ಮನುಷ್ಯ ನನಗೆ ಬರೆದ ಮೊದಲ ಕಾಗದ ಅದು. ಪ್ರೇಮಪತ್ರವೋ ದೂರಿನ ಅರ್ಜಿಯೋ ಎಂದು ಈಗಲೂ ತೀರ್ಮಾನವಾಗಿಲ್ಲ. ಎರಡು ಸಲ ಓದಿ, "ಅಡ್ರೆಸ್ಸಲ್ಲಿ ಪಿನ್ ಕೋಡ್ ಬರ್ದಿಲ್ಲ!" ಎಂದು ಕೂಗಿ ಬೈದೆ. ಅವರಿಗೆ ಸಮಾಧಾನವಾದಂತೆ ಕಂಡಿತು.

ತೀರ್ಥಹಳ್ಳಿಯ ಡಾಕ್ಟರ ಎದುರು ಈ ಸಲ ನಾನು ಬಾಯಿ ಬಿಡಲಿಲ್ಲ. ಯಜಮಾನರು ಇನ್‌ಲ್ಯಾಂಡ್ ಲೆಟರನ್ನೇ ಮುಂದೆ ಚಾಚಿದರು. ಡಾಕ್ಟರು ಅದನ್ನು ಪೂರ್ತಿ ಓದಿದರು. ಕೊನೆಯ ಸಾಲಿಗೆ ಬಂದಾಗ ಕೆಮ್ಮಿದರು. ಆಮೇಲೆ ಮಾಸ್ಕ್ ಇಳಿಸಿ, ನನ್ನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ ಹೇಳಿದರು. "ಮೊದ್ಲು ಕಿವಿ ನೋಡಣ ಅಮ್ಮ. ತಲೆ ಸುತ್ತು ಆಮೇಲೆ."

ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ ಕಿವಿಗಳಿಗೆ ಹೆಡ್‌ಫೋನ್ ಹಾಕಿದರು. ಶಬ್ದ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಬಲಕಿವಿಯಲ್ಲಿ ಕುಂಯ್ ಕುಂಯ್ ಎಂದಾಗಲೆಲ್ಲ ಒತ್ತಿದೆ. ಆಮೇಲೆ ಸದ್ದು ನಿಂತಿತು. ಎಡಕಿವಿಯ ಸರದಿಗಾಗಿ ಕಾದೆ. ಬಹಳ ಹೊತ್ತು ಕಾದೆ. ತಾಳ್ಮೆ ತಪ್ಪಿ ಗಾಜಿನ ಆಚೆ ಕೂತಿದ್ದ ಹುಡುಗಿಗೆ ಕೂಗಿದೆ: "ಶುರು ಮಾಡೇ ಮಾರಾಯ್ತಿ!"

ಅವಳು ಬಂದು ಹೆಡ್‌ಫೋನ್ ತೆಗೆದಳು.

"ಮುಗೀತು ಅಮ್ಮ."

ಆ ಎರಡು ಪದಕ್ಕೆ ನನ್ನ ಇಷ್ಟು ವರ್ಷದ ವಾದವೆಲ್ಲ ಮುಗಿದೇ ಹೋಯಿತು. ಊರಿನವರಿಗೆ ಮಾತಾಡಲು ಬರುತ್ತಿತ್ತು!

ಆಮೇಲೆ ಡಾಕ್ಟರು ನನ್ನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು ಎಡಕ್ಕೆ ತಿರುಗಿಸಿ ಹಿಡಿದು, "ಕಣ್ಣು ಮುಚ್ಚಬೇಡಿ" ಎಂದು ಹೇಳಿ ಸಟ್ಟನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಯಿತು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಇಡೀ ತೀರ್ಥಹಳ್ಳಿ ತಿರುಗತೊಡಗಿತು. "ಅಯ್ಯಯ್ಯೋ, ಸತ್ತೆ!" ಎಂದು ಡಾಕ್ಟರ ಕಾಲರು ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ. ನನ್ನ ಕಣ್ಣುಗಳನ್ನೇ ನೋಡುತ್ತಾ ಖುಷಿಯಿಂದ ಹೇಳಿದರು: "ಸಿಕ್ತು, ಸಿಕ್ತು! ಕಣ್ಣು ಹೆಂಗೆ ಕುಣೀತಿದೆ ನೋಡಿ!" ಯಜಮಾನರೂ ಬಗ್ಗಿ ನೋಡಿದರು. ಕುಣಿತ ನೋಡಲು ಇಬ್ಬಿಬ್ಬರು ಸೇರಿದರೂ ನನಗೆ ಮಾತ್ರ ಸಂತೋಷವಾಗಲಿಲ್ಲ.

ತಿರುಗುವುದು ನಿಂತ ಮೇಲೆ ಡಾಕ್ಟರು ಕಾಗದದ ಮೇಲೆ ಬಸವನಹುಳುವಿನಂಥ ಒಂದು ಚಿತ್ರ ಬರೆದು ವಿವರಿಸಿದರು. ಕಿವಿಯ ಒಳಗಡೆ ಕೇಳುವ ಭಾಗವೂ ಮೈಯ ಸಮತೋಲ ಕಾಯುವ ಭಾಗವೂ ಒಂದೇ ಸೂರಿನ ಅಡಿ ಇರುತ್ತವಂತೆ. ಸಮತೋಲದ ಭಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ಕೊಳವೆಗೆ ಜಾರಿದರೆ, ತಲೆ ಅಲುಗಿದಾಗಲೆಲ್ಲ ಭೂಮಿ ತಿರುಗಿದಂತಾಗುತ್ತದೆ.

"ಗಿರಣಿ ಸದ್ದಿಗೆ ಹಾಗಾಗಿದ್ದಾ?" ಎಂದು ಯಜಮಾನರು ಕೇಳಿದರು.

"ಸದ್ದು ಕೇಳುವ ಶಕ್ತಿ ಕಡಿಮೆ ಮಾಡಿರತ್ತೆ. ಆದ್ರೆ ಎಡಗಡೆ ಇಷ್ಟು ಜಾಸ್ತಿ ಯಾಕೆ ಹೋಯ್ತು ಅಂತ ಒಂದು ಸ್ಕ್ಯಾನ್ ಮಾಡಿಸಿ ನೋಡಿಬಿಡಣ. ಹರಳು ಜಾರೋದು ಬೇರೆ, ಅದು ಯಾರಿಗೆ ಬೇಕಾದ್ರೂ ಆಗತ್ತೆ. ಕಿವಿ ಕೇಳದವರಿಗೆ ತಲೆ ಸುತ್ತಿದ್ರೆ ಎಲ್ಲಾ ಒಂದೇ ಕಾರಣ ಅಲ್ಲ, ಒಂದೊಂದೇ ಹುಡುಕಬೇಕು." ನನ್ನ ಕಡೆ ತಿರುಗಿದರು. "ಕಿವಿ ಕೇಳಲ್ಲ ಅಂತ ಮೊದ್ಲೇ ಹೇಳಿದ್ರೆ ಯಾರಾದ್ರೂ ಒಳಗಿವಿ ಕಡೆ ನೋಡ್ತಿದ್ರು. ಇದಕ್ಕೆ ಮುಂಚೆ ತೋರಿಸಿದ ಡಾಕ್ಟ್ರ ಹತ್ರ ನೀವೇನು ಹೇಳಿದ್ರಿ?"

"ಫಸ್ಟ್ ಕ್ಲಾಸ್ ಅಂದ್ಲು," ಎಂದರು ನನ್ನ ಯಜಮಾನರು. ಬೇಡವಾದ ಕಡೆ ಮಾತ್ರ ಅವರ ಮಾತು ಬಹಳ ಸ್ಪಷ್ಟ.

ಜನರ ಅಕ್ಕಿಯಿಂದ ಕಲ್ಲು ಹೆಕ್ಕಿಸಿದವಳು ನಾನು. ನನ್ನ ಕಿವಿಯಲ್ಲೇ ಕಲ್ಲು! ಡಾಕ್ಟರು ತಲೆಯನ್ನು ಆ ಕಡೆ ಈ ಕಡೆ ಹೊರಳಿಸಿ, ಮಗ್ಗುಲು ಮಲಗಿಸಿ, ಎಬ್ಬಿಸಿ ಕೂರಿಸಿದರು. ಹರಳುಗಳನ್ನು ಅವುಗಳ ಮನೆಗೆ ಕಳಿಸುವ ಕ್ರಮ ಅದಂತೆ. ಮುಂದಿನ ವಾರ ಇನ್ನೊಂದು ಸಲ ಮಾಡಿದ ಮೇಲೆ ತಿರುಗುವುದು ನಿಂತೇಹೋಯಿತು. ಶಿವಮೊಗ್ಗದಲ್ಲಿ ಮಾಡಿಸಿದ ಸ್ಕ್ಯಾನಿನಲ್ಲಿ ಗಡ್ಡೆ ಗಿಡ್ಡೆ ಏನೂ ಇರಲಿಲ್ಲ. ಬಲಕಿವಿಗೆ ಒಂದು, ಎಡಕಿವಿಗೆ ಒಂದು ಮಷೀನು ಬಂತು.

ಚೀಟಿ ಮಾತ್ರ ಅಷ್ಟು ಸುಲಭವಾಗಿ ಸಿಗಲಿಲ್ಲ. "ಈಕೆ ಆ ದಿನ ಕುಡಿದಿರಲಿಲ್ಲ ಅಂತ ಬರ್ದುಕೊಡಿ ಡಾಕ್ಟ್ರೇ" ಎಂದು ಬೇಡಿಕೊಂಡೆ.

"ಆ ದಿನ ನಾನಲ್ಲಿ ಇರ್ಲಿಲ್ಲ ಅಮ್ಮ. ಕಿವಿ ಏನಾಗಿದೆ ಅಂತ ಬರೀತೀನಿ," ಅಂದರು.

ಆ ಚೀಟಿ ಹಿಡಿದು, ಕಿವಿಗೆ ಮಷೀನು ಸಿಕ್ಕಿಸಿಕೊಂಡು ಸಂಘದ ಸಭೆಗೆ ಹೋದೆ. ವೇದಿಕೆ ಹತ್ತಿ, ಬಗ್ಗಿ, ತಲೆ ಎತ್ತಿ, ಎಡಕ್ಕೂ ಬಲಕ್ಕೂ ತಿರುಗಿ ತೋರಿಸಿದೆ. ಓಲಾಡಲಿಲ್ಲ! ಜಲಜ ಚೀಟಿಯನ್ನು ಗಟ್ಟಿಯಾಗಿ ಓದಿದಳು. ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಮಾರನೆಯ ದಿನವೇ ಎಲ್ಲರೂ ಸೇರಿ ಹೊಸನಗರಕ್ಕೆ ಹೋಗಿ ದೂರು ಕೊಡುವುದೆಂದು ತೀರ್ಮಾನವಾಯಿತು. ಹೋದೆವು, ಕೊಟ್ಟೆವು. ಗೂಡಂಗಡಿಯಲ್ಲಿ ಈಗ ಬಾಳೆಹಣ್ಣು, ಬೀಡಿ ಬಿಟ್ಟು ಬೇರೆ ಸಿಗುವುದಿಲ್ಲ.

ಆದರೆ ಆ ಸಭೆಯ ಚಪ್ಪಾಳೆ ನಿಂತ ಕೂಡಲೇ ಇನ್ನೊಂದು ಸಂಗತಿ ನಡೆಯಿತು. ಹಿಂದಿನ ಸಾಲಿನಲ್ಲಿ ಇಬ್ಬರು ಪಿಸುಗುಟ್ಟುತ್ತಿದ್ದರು. ಎಷ್ಟೋ ವರ್ಷಗಳ ನಂತರ ಅಷ್ಟು ದೂರದ ಪಿಸುಮಾತು ನನಗೆ ಅಕ್ಷರ ಅಕ್ಷರವಾಗಿ ಕೇಳಿಸಿತು. ಎಂಥ ಆನಂದ ಎಂದು ಮೈಯೆಲ್ಲ ಕಿವಿಯಾಗಿ ಕೇಳಿದೆ.

"ಇಷ್ಟು ದಿನ ಯಾರು ಎಂತ ಹೇಳಿದ್ರೂ ಹೂಂ ಅಂತಿದ್ರು. ಅದಕ್ಕೇ ಅಲ್ವನೇ ಇವ್ರನ್ನೇ ಅಧ್ಯಕ್ಷರು ಮಾಡಿದ್ದು. ಈಗ ಕಿವಿ ಬಂತಲ್ಲ, ಇನ್ನು ಬೇರೆ ಯಾರನ್ನಾದ್ರೂ ನೋಡ್ಬೇಕು."

ದಾರಿಯಲ್ಲಿ ಯಜಮಾನರಿಗೆ ಹೇಳಿ, "ಇದು ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ.

ಅವರು ಎಂದಿನಂತೆ ಸಣ್ಣ ದನಿಯಲ್ಲೇ ಉತ್ತರಿಸಿದರು. ಮಷೀನು ಬಹಳ ಒಳ್ಳೆಯದು, ಒಂದಕ್ಷರವೂ ತಪ್ಪಲಿಲ್ಲ.

"ನಿನಗೊಬ್ಬಳಿಗೆ ಬಿಟ್ಟು ಊರಿಗೆಲ್ಲ ಗೊತ್ತಿತ್ತು."